ಕಾಲಿಲ್ಲದ ಹಕ್ಕಿಗೆ ಕಾಲುಂಗುರ

ಬ್ರಹ್ಮಾವರದಲ್ಲಿ ಜವಳಿ ಅಂಗಡಿ ಇಟ್ಟವನು ಬರೀ ಸೀರೆ ಬಿಡಿಸುತ್ತಲೇ ಇರಬೇಕೇ? ಪಕ್ಷಿವಿಜ್ಞಾನಕ್ಕೂ ನನ್ನ ಸೇವೆ ಸಲ್ಲಲಿ ಎಂದು ಪಣ ತೊಟ್ಟೆ! ಕೋಡಿ ಕಡಲತೀರದ ಹಕ್ಕಿ ವೀಕ್ಷಣಾ ಕೇಂದ್ರದ ಸರೋಜ ಮೇಡಂ ಬಟ್ಟೆಚೀಲ ಕೇಳಿದ್ದೇ ತಡ, ಅಂಗಡಿಯ ಹೆಸರು ದಪ್ಪಕ್ಷರದಲ್ಲಿ ಅಚ್ಚಾದ ಒಂದು ಕಟ್ಟು ಚೀಲ ಕೊಟ್ಟೆ. ದಾನಕ್ಕೆ ದಾನ, ಜಾಹೀರಾತಿಗೆ ಜಾಹೀರಾತು!

ಭಾನುವಾರ ನಾನೇ ಹೋಗಿ ನಿಂತೆ. ಬಲೆಗೆ ಬಿದ್ದ ಹಕ್ಕಿಯನ್ನು ಬಿಡಿಸಿ, ಚೀಲದೊಳಗಿಟ್ಟು ಮೊಳೆಗೆ ತೂಗುಹಾಕುತ್ತಾರೆ. ಕತ್ತಲಲ್ಲಿ ಅದು ಗಾಬರಿಯಾಗುವುದಿಲ್ಲವಂತೆ. ಆಮೇಲೆ ತೂಕ ನೋಡಿ, ಎಲ್ಲಿ ಸಿಕ್ಕರೂ ಗುರುತು ಹತ್ತಲೆಂದು ಕಾಲಿಗೆ ಅಂಕಿ ಕೊರೆದ ಉಂಗುರ ತೊಡಿಸಿ ಹಾರಬಿಡುವುದು. ಗಂಡೋ ಹೆಣ್ಣೋ ನೋಡದೆ ಕಾಲುಂಗುರ! ದಾರಿಯಲ್ಲಿ ಕೊಂಡ ಬಂಗುಡೆ ಮೀನು ಇದ್ದದ್ದೂ ನನ್ನಂಗಡಿಯ ಚೀಲದಲ್ಲೇ. ಅದನ್ನೂ ಅದೇ ಸಾಲಿನ ಮೊಳೆಗೆ ಸಿಕ್ಕಿಸಿದೆ. ಹೊರಡುವಾಗ ಗತ್ತಿನಿಂದ ಒಂದು ಚೀಲ ಎತ್ತಿಕೊಂಡು ಬಂದೆ.

ಮನೆಯಲ್ಲಿ ನನ್ನ ಹೆಂಡತಿ ವಿನಯಾ ಮಸಾಲೆ ಅರೆದು ಕಾದಿದ್ದಳು. ಚೀಲ ಮುಟ್ಟಿದವಳೇ ಕಿರುಚಿದಳು.

"ಹ್ವಾಯ್! ಎಂತ ಮೀನ್ ತಂದ್ರಿ?"

"ಬಂಗ್ಡಿ. ಈಗಷ್ಟೇ ದೋಣಿಯಿಂದ ಇಳ್ದದ್ದ್. ಫಸ್ಟ್ ಕ್ಲಾಸ್ ತಾಜಾ!"

"ತಾಜಾ ಅಂದ್ರೆ ಇಷ್ಟ್ ತಾಜಾನಾ ಮರಾಯ್ರೆ? ಕೂಗ್ತಿತ್ತ್ ಕಾಣಿ!"

ಅಷ್ಟರಲ್ಲಿ ಸರೋಜ ಮೇಡಂ ಫೋನು.

"ಶೆಟ್ರೆ, ಈ ಹಕ್ಕಿಗೆ ಕಾಲೇ ಇಲ್ಲೆ ಅಲ್ದಾ! ಉಂಗ್ರ ಎಲ್ಲಿಗ್ ಹಾಕುದ್?" ಮರುಕ್ಷಣವೇ ಅವರ ದನಿ ಗಟ್ಟಿಯಾಯಿತು. "ಚೀಲ ಬಿಚ್ಬೇಡಿ. ಬಿಸ್ಲ್ ತಾಗಿರೆ ಜೀವ ಹೋತ್ತ್. ಬೇಗ ತಕಂಬನ್ನಿ!"

ಎಷ್ಟು ಸಮುದ್ರ ದಾಟಿ ಬಂದ ಜೀವವೋ, ನನ್ನ ಒಲೆಯ ಪಕ್ಕದಲ್ಲಿ ಪ್ರಾಣ ಬಿಡುವುದೇ! ವಿನಯಾ ಚೀಲವನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಕಾರು ಹತ್ತಿದಳು. ಕೋಟದಲ್ಲಿ ಬಸ್ಸೊಂದು ಅಡ್ಡ ನಿಂತಾಗ ನನ್ನೆದೆಯೇ ನಿಂತಿತು.

"ಕೂಗ್ತಿತ್ತಾ?"

"ಇಲ್ಲೆ."

"ಅಯ್ಯೋ, ಎಂತಕ್ಕೆ?"

"ನಿಮ್ಮ್ ಡ್ರೈವಿಂಗ್ ಕಂಡ್ ಹೆದ್ರಿ ಕೂಕಂಡಿತ್!"

ಕೇಂದ್ರದಲ್ಲಿ ಮೇಡಂ ಮೆಲ್ಲನೆ ಚೀಲದೊಳಗೆ ಕೈಯಿಟ್ಟರು. ಹಕ್ಕಿ ಅವರ ಬೆರಳನ್ನು ಕುಕ್ಕಿಯೇ ಬಿಟ್ಟಿತು. ಅಬ್ಬಾ, ಬದುಕಿದೆ! ಆಗಲೇ ನಾನೂ ಉಸಿರುಬಿಟ್ಟದ್ದು. ಹಕ್ಕಿ ಉಂಗುರ ತೊಟ್ಟು, ನನ್ನಂಗಡಿಯ ಹೆಸರಿನತ್ತ ತಿರುಗಿಯೂ ನೋಡದೆ, ನೀರಿನ ಮೇಲೆ ಹಾರಿಹೋಯಿತು.

ವಿನಯಾ ಕೈಮುಗಿದಳು. "ಮೇಡಂ, ಇವ್ರ್ ಕಾಲಿಗೂ ಒಂದ್ ಉಂಗ್ರ ಹಾಕಿ. ಎಲ್ಲಿ ಸಿಕ್ರೂ ಯಾರ್ ಮನಿದ್ದ್ ಅಂದ್ ಗೊತ್ತಾಯ್ಲಿ."

ಮೇಡಂ ನನ್ನ ಕಾಲನ್ನು ಮೇಲಿಂದ ಕೆಳಗೆ ನೋಡಿದರು. ದಿನಾ ಗಿರಾಕಿಗಳಿಗೆ ನಾನು ಹೇಳುವ ಅದೇ ಧಾಟಿಯಲ್ಲಿ ಹೇಳಿದರು:

"ಈ ಅಳತೆದ್ದ್ ಸ್ಟಾಕ್ ಇಲ್ಲೆ!"