ಟರ್ಬೋ ಕಾರಿಗೆ ಚಿಕ್ಕಮ್ಮನ ಗ್ಯಾಸ್ಕೆಟ್

ಕಾರಿನ ಎಂಜಿನ್ನಿಗೂ ಸೆಖೆಯಾಗುತ್ತದೆ, ಪಾಪ ಅದಕ್ಕೆ ಬಾಯಿಲ್ಲ, ಅದರ ಪರವಾಗಿ ಯಾರಾದರೂ ಮಾತಾಡಬೇಕು ಎಂದು ನಂಬಿದ್ದ ಹೆಂಗಸು ಇಡೀ ಬೆಂಗಳೂರಿನಲ್ಲಿ ಒಬ್ಬಳೇ ಇದ್ದಳು. ಅವಳು ನಮ್ಮ ಚಿಕ್ಕಮ್ಮ! ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೋ ನಾಚಿಕೆಯಿಂದ ಹೇಳುತ್ತಿದ್ದೇನೋ ಎಂದು ಮಾತ್ರ ಕೇಳಬೇಡಿ. ಚಿಕ್ಕಮ್ಮನಿಗೆ ಸಂಬಂಧಿಸಿದ ಯಾವ ಪ್ರಶ್ನೆಗೂ ನನ್ನ ಹತ್ತಿರ ನೆಟ್ಟಗಿನ ಉತ್ತರವಿಲ್ಲ.

ಎಂಬತ್ತರ ದಶಕದ ಮಾತು. ನಾನು ಹೆಬ್ಬಾಳದ ಒಂದು ಶಾಲೆಗೆ ಕನ್ನಡ ಮೇಡಂ ಆಗಿ ಸೇರಿದವಳು, ಸಹಕಾರನಗರದ ಚಿಕ್ಕಮ್ಮನ ಮನೆಯಲ್ಲೇ ಬೀಡುಬಿಟ್ಟಿದ್ದೆ. ಆಗ ಆ ಬಡಾವಣೆಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಚಿಕ್ಕಮ್ಮ ಯಶವಂತಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಟ್ರೇಸರ್. ಎಂದರೆ, ಎಂಜಿನಿಯರುಗಳು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ತೆಳುವಾದ ಹಾಳೆ ಹಾಸಿ, ಅವರ ಗೆರೆಗಳ ಮೇಲೆ ಇಂಕಿನಲ್ಲಿ ಗೆರೆ ಎಳೆಯುವ ಕೆಲಸ. ಚಿಕ್ಕಪ್ಪ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಕೊರಳಲ್ಲಿ ವಿಷಲ್, ಜೇಬಿನಲ್ಲಿ ಸ್ಟಾಪ್‌ವಾಚ್. ಓಟದ ಪಂದ್ಯದಲ್ಲಿ ಸ್ವಂತ ಅಣ್ಣನ ಮಗನಿಗೂ ಅರ್ಧ ಸೆಕೆಂಡ್ ಬಿಟ್ಟುಕೊಟ್ಟವರಲ್ಲ. ಅದೇ ಕಾರಣಕ್ಕೆ ಆ ಅಣ್ಣ ಇವರ ಜೊತೆ ಮಾತು ಬಿಟ್ಟಿದ್ದರು!

ಮನೆಯಲ್ಲೊಂದು ಹಳೆಯ ಫಿಯಟ್ ಇತ್ತು. ಓಡಿಸುವವಳು ಚಿಕ್ಕಮ್ಮ. ಚಿಕ್ಕಪ್ಪನಿಗೆ ಡ್ರೈವಿಂಗ್ ಬಾರದು. ದೇವರು ಮನುಷ್ಯನಿಗೆ ಕಾಲು ಕೊಟ್ಟಿರುವಾಗ ಅದನ್ನು ಕಲಿಯುವುದೇಕೆ ಎಂಬುದು ಅವರ ವಾದ. ಆ ಫಿಯಟ್ಟಿಗೆ ಒಂದು ಕೆಟ್ಟ ಚಾಳಿ. ಬೇಸಿಗೆಯಲ್ಲಿ ಕೊಡಿಗೇಹಳ್ಳಿ ಗೇಟು ಬಿದ್ದಾಗ ಎಂಜಿನ್ ಆರಿಸಿ ನಿಂತರೆ, ಗೂಡ್ಸ್ ರೈಲು ಹೋಗಿ ಗೇಟು ಎದ್ದ ಮೇಲೂ ಕಾರು ಮಾತ್ರ ಏಳುತ್ತಿರಲಿಲ್ಲ. ಹಿಂದಿನಿಂದ ಲಾರಿ, ಬಸ್ಸು, ಎತ್ತಿನಗಾಡಿ ಎಲ್ಲರದೂ ಬೈಗುಳ. ಆಗ ಚಿಕ್ಕಪ್ಪ ಗಂಭೀರವಾಗಿ ಕೆಳಗಿಳಿದು, ದಾರಿಹೋಕರನ್ನು ಸಾಲಾಗಿ ನಿಲ್ಲಿಸಿ, ವಿಷಲ್ ಊದಿ ಕಾರು ತಳ್ಳಿಸುತ್ತಿದ್ದರು. ಒಂದು ದಿನವಂತೂ ಕಾರು ಹೊರಟುಹೋದ ಮೇಲೂ ತಳ್ಳಿದವರೊಬ್ಬರು 'ಸಾವಧಾನ್' ಸ್ಥಿತಿಯಲ್ಲೇ ನಿಂತಿದ್ದರು!

ಈ ರೋಗದ ಮೂಲವನ್ನು ಚಿಕ್ಕಮ್ಮ ಅಡುಗೆಮನೆಯಲ್ಲಿ ಕಂಡುಹಿಡಿದಳು.

"ನೋಡೇ, ಒಲೆ ಮೇಲಿಂದ ಪಾತ್ರೆ ಇಳಿಸೋಕೆ ಮಸಿಬಟ್ಟೆ ಬೇಕಲ್ವಾ?"

"ಬೇಕು ಚಿಕ್ಕಮ್ಮಾ."

"ಎಂಜಿನ್ ಅನ್ನೋದು ಒಲೆ. ಅದಕ್ಕೆ ಅಂಟಿಕೊಂಡಿರೋ ಪೈಪಿನಲ್ಲಿ ಗಾಳಿ, ಪೆಟ್ರೋಲು ಒಳಗೆ ಹೋಗ್ಬೇಕು. ಒಲೆ ಬಿಸಿ ಪೈಪಿಗೆ ಹತ್ತುತ್ತೆ, ಪೆಟ್ರೋಲು ಅಲ್ಲೇ ಕುದ್ದುಹೋಗುತ್ತೆ. ಮಧ್ಯೆ ಒಂದು ಮಸಿಬಟ್ಟೆ ಬೇಕು, ಅಷ್ಟೆ!"

ಆ ಪೈಪಿಗೆ ಮ್ಯಾನಿಫೋಲ್ಡ್ ಎಂದು ಹೆಸರು. ಫೋಲ್ಡ್ ಎಂದ ಮೇಲೆ ಸೀರೆಯ ನೆರಿಗೆಗೆ ಸಂಬಂಧಪಟ್ಟದ್ದೇನೋ ಎಂದು ನಾನು ಬಹಳ ದಿನ ತಿಳಿದಿದ್ದೆ. ಎಂಜಿನ್ನಿಗೂ ಆ ಪೈಪಿಗೂ ನಡುವೆ ಗಾಳಿ ಸೋರದಂತೆ ಒಂದು ತೆಳ್ಳನೆಯ ಹಾಳೆ ಇರುತ್ತದಂತೆ. ಅದೇ ಗ್ಯಾಸ್ಕೆಟ್. ಆ ತೆಳ್ಳನೆಯ ಹಾಳೆಯ ಜಾಗದಲ್ಲಿ ಬಿಸಿ ದಾಟದಂಥ ದಪ್ಪ ಬೇಕಲೈಟ್ ಹಾಳೆ ಹಾಕಬೇಕೆಂದು ಚಿಕ್ಕಮ್ಮನ ಹಟ. ಬೇಕಲೈಟ್ ಎಲ್ಲಿಂದ ಬಂತು ಅಂತೀರಾ? ನಡುಮನೆಯ ಸ್ವಿಚ್ ಬೋರ್ಡಿನ ಮುಚ್ಚಳವನ್ನೇ ಬಿಚ್ಚಿ ಕತ್ತರಿಸಿದಳು! ಹೊಸ ಮುಚ್ಚಳ ಬರುವವರೆಗೆ ನಾವು ದೂರ ನಿಂತು, ಕೋಲಿನಿಂದ ಚುಚ್ಚಿ ಲೈಟು ಹಾಕುತ್ತಿದ್ದೆವು.

ಫಿಯಟ್ಟಿಗೆ ಅದನ್ನು ಹಾಕಿಸಿದ ಮರುದಿನ ಗೇಟು ಬಿತ್ತು, ಗೇಟು ಎದ್ದಿತು, ಕಾರೂ ಎದ್ದಿತು. ಚಿಕ್ಕಮ್ಮ ಜಗತ್ತನ್ನೇ ಗೆದ್ದವಳಂತೆ ನಮ್ಮತ್ತ ತಿರುಗಿ ನೋಡಿದಳು.

"ಇವತ್ತು ಮೋಡ ಇತ್ತಲ್ಲ ಕಣೇ" ಎಂದರು ಚಿಕ್ಕಪ್ಪ.

ಅವಳಿಗೆ ಅದು ಕೇಳಿಸಲಿಲ್ಲ. ಕೇಳಿಸಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮುಗಿಯಲಿಲ್ಲ. ಏಕೆಂದರೆ ಒಂದು ಸಂಜೆ ಅದೇ ಗೇಟಿನಲ್ಲಿ ನಮ್ಮ ಮುಂದೆ ಒಂದು ಬಿಳಿ ವಿದೇಶೀ ಕಾರು ನಿಂತಿತ್ತು. ಅದರ ಬೆನ್ನ ಮೇಲೆ ಇಂಗ್ಲಿಷಿನಲ್ಲಿ 'ಟರ್ಬೋ' ಎಂದು ದೊಡ್ಡದಾಗಿ ಬರೆದಿತ್ತು. ಚಿಕ್ಕಮ್ಮ ಫಿಯಟ್ಟಿನಿಂದ ಹೇಗೆ ಇಳಿದಳೋ ನೋಡಲಿಲ್ಲ. ನಾನು ನೋಡುವಷ್ಟರಲ್ಲಿ ಆ ಕಾರಿನ ಕಿಟಕಿ ತಟ್ಟುತ್ತಿದ್ದಳು! ಒಳಗಿದ್ದವರು ಆರ್.ಟಿ. ನಗರದ ಒಬ್ಬ ಸಾಹೇಬರು. ಬಹಳ ವರ್ಷ ಗಲ್ಫಿನಲ್ಲಿದ್ದು, ಬರುವಾಗ ಕಾರನ್ನೂ ಹಡಗಿನಲ್ಲಿ ತಂದಿದ್ದರು. ವಿದ್ಯಾರಣ್ಯಪುರದಲ್ಲಿ ಕಟ್ಟಿಸುತ್ತಿದ್ದ ಮನೆ ನೋಡಲು ಹೊರಟವರು, ಯಾರೋ ಹೆಂಗಸು ಕಿಟಕಿ ತಟ್ಟಿದ್ದಕ್ಕೆ ಗಾಬರಿಯಾಗಿ ಗಾಜು ಇಳಿಸಿದರು.

"ಏನಾಯ್ತು ಮೇಡಂ? ಟೈರು ಪಂಚರ್ರಾ?"

"ಅಲ್ಲ. ನಿಮ್ಮ ಮ್ಯಾನಿಫೋಲ್ಡ್ ಎಷ್ಟು ಬಿಸಿ ಆಗುತ್ತೆ?"

"ಯಾ ಅಲ್ಲಾ! ನಮ್ಮ ಬೇಗಂ ಕೂಡ ಇಂಥ ಪ್ರಶ್ನೆ ಕೇಳಿಲ್ಲ ಮೇಡಂ!"

ಮುಂದಿನ ಭಾನುವಾರ ಸಾಹೇಬರು ನಮ್ಮ ಮನೆಯ ವರಾಂಡದಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು. ಟರ್ಬೋ ಎಂದರೇನೆಂದು ಅವರು ನನಗೂ ವಿವರಿಸಿದರು. ಎಂಜಿನ್ನಿನ ಹೊಗೆ ಹೊರಗೆ ಹೋಗುವ ದಾರಿಯಲ್ಲಿ ಒಂದು ಚಕ್ರ ತಿರುಗಿಸುತ್ತದಂತೆ. ಆ ಚಕ್ರದ ಜೊತೆ ಇನ್ನೊಂದು ಚಕ್ರ ತಿರುಗಿ, ಹೊರಗಿನ ಗಾಳಿಯನ್ನು ಒತ್ತಿ ಒತ್ತಿ ಎಂಜಿನ್ನಿನ ಒಳಗೆ ತುಂಬುತ್ತದಂತೆ. ಥೇಟ್ ನಮ್ಮ ಸಿಟಿ ಬಸ್ಸಿನ ಕಂಡಕ್ಟರು ಜನರನ್ನು ತುಂಬಿದ ಹಾಗೆ! ಹೆಚ್ಚು ಗಾಳಿ, ಹೆಚ್ಚು ಬಲ. ತಣ್ಣಗಿದ್ದರೆ ಅಷ್ಟೇ ಜಾಗದಲ್ಲಿ ಇನ್ನೂ ಹೆಚ್ಚು ಗಾಳಿ.

"ಅದಕ್ಕೇ ಹೇಳಿದ್ದು!" ಎಂದಳು ಚಿಕ್ಕಮ್ಮ. "ಎಂಜಿನ್ನಿನ ಬಿಸಿ ಪೈಪಿಗೆ ಹತ್ತದ ಹಾಗೆ ನನ್ನ ಗ್ಯಾಸ್ಕೆಟ್ ಹಾಕಿ. ಗಾಳಿ ತಣ್ಣಗೇ ಒಳಗೆ ಹೋಗುತ್ತೆ. ನಿಮ್ಮ ಕಾರು ಹಾರುತ್ತೆ!"

ಸಾಹೇಬರು ಚಿಕ್ಕಪ್ಪನ ಸೈಕಲ್ ಪಂಪು ತರಿಸಿಕೊಂಡರು. ತುದಿಯನ್ನು ಬೆರಳಿನಿಂದ ಮುಚ್ಚಿ ಜೋರಾಗಿ ಹೊಡೆದು, "ಇಲ್ಲಿ ಮುಟ್ಟಿ ನೋಡಿ ಮೇಡಂ" ಎಂದರು. ಪಂಪಿನ ಬುಡ ಬಿಸಿಯಾಗಿತ್ತು.

"ಗಾಳೀನ ಒತ್ತಿದ್ರೆ ಅದೇ ಬಿಸಿ ಆಗುತ್ತೆ. ನನ್ನ ಕಾರಲ್ಲಿ ಪೈಪಿಗೆ ಬರೋವಾಗಲೇ ಗಾಳಿ ಬೆಂಕಿ ಆಗಿರುತ್ತೆ. ಈಗ ಹೇಳಿ, ನಿಮ್ಮ ಗ್ಯಾಸ್ಕೆಟ್ಟು ಎಂಜಿನ್ ಬಿಸಿ ಪೈಪಿಗೆ ಬರದ ಹಾಗೆ ತಡಿಯುತ್ತಾ, ಪೈಪಿನ ಬಿಸಿ ಎಂಜಿನ್ನಿಗೆ ಹೋಗದ ಹಾಗೆ ತಡಿಯುತ್ತಾ?"

ಚಿಕ್ಕಮ್ಮ ಪಂಪನ್ನೇ ತಿರುಗಿಸಿ ತಿರುಗಿಸಿ ನೋಡಿದಳು. ಅಂದಿನ ಸಾರಿಗೆ ಉಪ್ಪಿನ ಬದಲು ಸಕ್ಕರೆ ಬಿತ್ತು. ನನಗೂ ತಲೆ ಕೆಟ್ಟುಹೋಯಿತು. ಬಾಗಿಲು ಹಾಕಿದರೆ ಕಳ್ಳ ಹೊರಗೇ ಉಳಿದನೋ, ಒಳಗೇ ಉಳಿದನೋ? ತರಗತಿಯಲ್ಲಿ ಸಂಧಿ ಹೇಳಿಕೊಡುತ್ತ ಗ್ಯಾಸ್ಕೆಟ್ ಯಾವ ಸಂಧಿ ಎಂದು ಯೋಚಿಸುತ್ತಿದ್ದೆ! ಸಾಹೇಬರ ಮೆಕ್ಯಾನಿಕ್‌ನನ್ನು ಕೇಳಿದರೆ ಅವನದು ಇನ್ನೂ ಚಂದ:

"ಹಾಕಿದ್ರೂ ಓಡುತ್ತೆ ಮೇಡಂ, ಹಾಕ್ದಿದ್ರೂ ಓಡುತ್ತೆ."

ಕೊನೆಗೆ ಚಿಕ್ಕಮ್ಮ ತೀರ್ಪು ಕೊಟ್ಟಳು. "ಮಾತಲ್ಲಿ ಬಗೆಹರಿಯಲ್ಲ. ಹಾಕಿ ನೋಡೋಣ." ಸಾಹೇಬರು ಒಪ್ಪಿದರು. ಏಕೆ ಒಪ್ಪಿದರೋ! ಬಹುಶಃ ಗಲ್ಫಿನಿಂದ ಬಂದ ಮೇಲೆ ಅವರ ಕಾರಿನ ಬಗ್ಗೆ ಬೆಲೆ ಬಿಟ್ಟು ಬೇರೇನನ್ನಾದರೂ ಕೇಳಿದ ಮೊದಲ ವ್ಯಕ್ತಿ ಇವಳೇ ಇರಬೇಕು.

ಪರೀಕ್ಷೆಗೆ ಆರಿಸಿದ್ದು ಯಲಹಂಕ ದಾಟಿದ ಮೇಲೆ ಬಳ್ಳಾರಿ ರಸ್ತೆಯಲ್ಲಿ ಸಿಗುವ ಒಂದು ಏರು. ಕೆಳಗಿನ ಮೋರಿಯಿಂದ ಮೇಲಿನ ಹುಣಸೆಮರದವರೆಗೆ. ಒಮ್ಮೆ ಹಳೆಯ ಗ್ಯಾಸ್ಕೆಟ್ಟಿನಲ್ಲಿ, ಒಮ್ಮೆ ಚಿಕ್ಕಮ್ಮನ ಗ್ಯಾಸ್ಕೆಟ್ಟಿನಲ್ಲಿ. ಓಡಿಸುವವರು ಸಾಹೇಬರು, ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದು ಚಿಕ್ಕಪ್ಪ. ಚಿಕ್ಕಮ್ಮ, ನಾನು ಹಿಂದೆ. "ಗಡಿಯಾರ ನನ್ನ ಕೈಲಿದ್ರೆ ನನ್ನ ಆಸೆ ಅದರೊಳಗೆ ಸೇರಿಕೊಂಡುಬಿಡುತ್ತೆ. ನಿಮ್ಮ ಚಿಕ್ಕಪ್ಪನೇ ಸರಿ. ಅವರಿಗೆ ಯಾರ ಮೇಲೂ ಆಸೆ ಇಲ್ಲ" ಎಂದಳು.

ಮೊದಲ ಭಾನುವಾರ ಹಳೆಯ ಗ್ಯಾಸ್ಕೆಟ್ಟಿನಲ್ಲಿ ಓಡಿಸುವಾಗ ಅರ್ಧ ಏರಿನಲ್ಲಿ ಕುರಿಮಂದೆ ಅಡ್ಡ ಬಂತು. ಇನ್ನೊಮ್ಮೆ ಓಡಿಸಿದೆವು. ಮನೆಗೆ ಬಂದ ಮೇಲೆ ನೋಡಿದರೆ ಡಿಕ್ಕಿಯಲ್ಲಿ ಸಾಹೇಬರ ಹೊಸ ಮನೆಯ ಸಿಮೆಂಟ್ ಮೂಟೆ! "ಇರ್ಲಿ, ಮುಂದಿನ ವಾರವೂ ಒಂದು ಮೂಟೆ ಇಡೋಣ" ಎಂದಳು ಚಿಕ್ಕಮ್ಮ. ಮುಂದಿನ ವಾರ ಅದು ಗೋಡೆಯಾಗಿತ್ತು.

ನಡುವಿನ ಆ ವಾರವೆಲ್ಲ ಚಿಕ್ಕಮ್ಮ ತನ್ನ ಗ್ಯಾಸ್ಕೆಟ್ಟಿನ ನಕ್ಷೆ ಬರೆದಳು. ಹೊಸ ಬೇಕಲೈಟ್ ಹಾಳೆ ತಂದು, ತೂತುಗಳನ್ನು ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದಂತೆ ಗುರುತು ಮಾಡಿ, ಕತ್ತರಿಸಿ, ಉಜ್ಜಿ, ಶನಿವಾರ ಮೆಕ್ಯಾನಿಕ್ಕಿಗೆ ಕೊಟ್ಟುಬಂದಳು. ಭಾನುವಾರ ಕಾರಿನಲ್ಲಿ ಹೋಗುವಾಗ ಮೆಲ್ಲಗೆ ನನಗಷ್ಟೇ ಕೇಳುವಂತೆ ಹೇಳಿದಳು:

"ಇಷ್ಟು ವರ್ಷದಲ್ಲಿ ಯಾರದೋ ಗೆರೆ ಮೇಲೆ ಎಷ್ಟು ಗೆರೆ ಎಳೆದಿದ್ದೀನೋ ಲೆಕ್ಕ ಇಲ್ಲ ಕಣೇ. ನಂದೇ ಅಂತ ಬರೆದಿದ್ದು ಇದೊಂದೇ ನಕ್ಷೆ."

ಮೋರಿ ಬಂತು. ಚಿಕ್ಕಪ್ಪ ವಿಷಲ್ ಊದಿದರು. ಕಾರಿನೊಳಗೆ ವಿಷಲ್ ಊದಿದರೆ ಏನಾಗುತ್ತದೆಂದು ಅನುಭವಿಸಿದವರಿಗೇ ಗೊತ್ತು! ಕಾರು ಎಗರಿತು. ಚಿಕ್ಕಮ್ಮ ಕಣ್ಣು ಮುಚ್ಚಿ, ಎರಡೂ ಕೈ ಜೋಡಿಸಿ, ತುಟಿ ಕಚ್ಚಿಕೊಂಡು ಕೂತಿದ್ದಳು. ಹುಣಸೆಮರ ಹಿಂದೆ ಹೋಯಿತು.

"ಎಷ್ಟು?" ಎಂದಳು, ಕಣ್ಣು ತೆರೆಯದೆ.

"ಎರಡು ಸೆಕೆಂಡು ಕಡಿಮೆ" ಎಂದರು ಚಿಕ್ಕಪ್ಪ.

"ಪಿಕಪ್ಪೇ ಬೇರೆ ಥರ ಇದೆ ಮೇಡಂ! ಏನ್ ಮಾಡಿದ್ರಿ ನನ್ನ ಗಾಡಿಗೆ!" ಎಂದರು ಸಾಹೇಬರು.

ಚಿಕ್ಕಮ್ಮ ಅತ್ತಳೋ ನಕ್ಕಳೋ, ಗಾಳಿಗೆ ಸೆರಗು ಮುಖಕ್ಕೆ ಬಡಿಯುತ್ತಿದ್ದುದರಿಂದ ಗೊತ್ತಾಗಲಿಲ್ಲ. ಮರುದಿನ ಆ ನಕ್ಷೆ ಕಾರ್ಖಾನೆಯಲ್ಲಿ ಅವಳ ಮೇಜಿನ ಎದುರಿನ ಗೋಡೆ ಏರಿತು. ಎಂಜಿನಿಯರುಗಳು ಬಂದು ನೋಡಿ ಹೋದರಂತೆ. ಒಬ್ಬರು "ಟರ್ಬೋಗೂ ಕೆಲಸ ಮಾಡುತ್ತೇನ್ರೀ?" ಎಂದು ಕೇಳಿದರಂತೆ. ಸಾಹೇಬರ ಕಾರು ಅದೇ ವಾರ ಅವರ ಅಳಿಯನ ಪಾಲಾಗಿ ಹೈದರಾಬಾದಿಗೆ ಹೊರಟುಹೋಯಿತು. ಹೋಗಲಿ, ಕೆಲಸ ಆಗಿತ್ತಲ್ಲ!

ಊರಿನಲ್ಲಿ ಮದುವೆಯಿತ್ತೆಂದು ಆ ಶನಿವಾರವೇ ಹೋಗಿದ್ದ ಮೆಕ್ಯಾನಿಕ್ ವಾಪಸು ಬಂದ ಮೇಲೆ, ಚಿಕ್ಕಮ್ಮ ಒಂದು ಡಬ್ಬಿ ಮೈಸೂರುಪಾಕು ಹಿಡಿದು, ನನ್ನನ್ನೂ ಕರೆದುಕೊಂಡು ಅವನ ಶೆಡ್ಡಿಗೆ ಹೋದಳು. ಅವನು ನಮ್ಮನ್ನು ನೋಡಿದವನೇ ಒಳಗೆ ಹೋಗಿ, ಪೇಪರಿನಲ್ಲಿ ಸುತ್ತಿದ್ದ ಏನನ್ನೋ ತಂದ.

"ಸಾರಿ ಮೇಡಂ. ನಿಮ್ಮದು ದಪ್ಪ ಜಾಸ್ತಿ, ಬೋಲ್ಟಿನ ಉದ್ದ ಸಾಲಲಿಲ್ಲ. ಹಳೇದೇ ಹಾಕಿ ಗಾಡಿ ಕಳಿಸಿದೆ. ಹೇಳೋಣ ಅಂದ್ರೆ ಬಸ್ಸಿಗೆ ಟೈಮ್ ಆಗಿತ್ತು."

ಪೇಪರು ಬಿಚ್ಚಿದರೆ ಒಂದು ಗೀರೂ ಬೀಳದ ಚಿಕ್ಕಮ್ಮನ ಗ್ಯಾಸ್ಕೆಟ್!

ಅಲ್ಲಿಂದ ನೇರ ಸಾಹೇಬರ ಮನೆಗೆ. ವಿಷಯ ಕೇಳಿ ಅವರು ತಲೆ ತಗ್ಗಿಸಿದರು. "ಮಾಫ್ ಮಾಡಿ ಮೇಡಂ. ಹಾಕಿಲ್ಲ ಅಂತ ನನಗೂ ಗೊತ್ತಿರಲಿಲ್ಲ. ನೀವು ಅಷ್ಟು ಆಸೆಯಿಂದ ಕೂತಿದ್ರಿ ಅಂತ ಅವತ್ತು ಆಕ್ಸಿಲರೇಟರ್ ಸ್ವಲ್ಪ ಜೋರಾಗೇ ಒತ್ತಿದೆ."

ಹಾಗಾದರೆ ಆ ಎರಡು ಸೆಕೆಂಡಿನಲ್ಲಿ ಸಾಹೇಬರ ಕಾಲಿನದೆಷ್ಟು? ಇಲ್ಲದ ಸಿಮೆಂಟ್ ಮೂಟೆಯದೆಷ್ಟು? ಮನೆಗೆ ಬರುವವರೆಗೂ ನಾನು ಲೆಕ್ಕ ಹಾಕುತ್ತಲೇ ಇದ್ದೆ.

ಚಿಕ್ಕಪ್ಪ ಮನೆಯ ಮುಂದಿನ ಮೆಟ್ಟಿಲ ಮೇಲೆ ಕೂತು ಕ್ಯಾನ್ವಾಸ್ ಬೂಟಿಗೆ ಬಿಳಿ ಬಳಿಯುತ್ತಿದ್ದರು. ಚಿಕ್ಕಮ್ಮ ಗ್ಯಾಸ್ಕೆಟ್ಟನ್ನು ಅವರ ಮುಂದೆ ಹಿಡಿದು ಎಲ್ಲವನ್ನೂ ಹೇಳಿದಳು. "ನಿಜ ಹೇಳ್ರೀ. ಅವತ್ತು ಗಡಿಯಾರ ಎಷ್ಟು ತೋರಿಸ್ತು?"

"ನೋಡಲಿಲ್ಲ."

"ಅಂದ್ರೆ?"

"ಮರ ಬಂದಾಗ ಹಿಂದೆ ತಿರುಗಿ ನಿನ್ನ ನೋಡಿದೆ ಕಣೇ. ಕಣ್ಣು ಮುಚ್ಚಿ ಕೈ ಮುಗ್ದು ಕೂತಿದ್ದೆ. ಗಡಿಯಾರ ನಿಲ್ಸೋದೇ ಮರೆತೆ. ನೀನು ಎಷ್ಟು ಅಂತ ಕೇಳಿದೆ. ಬಾಯಿಗೆ ಬಂದಿದ್ದು ಹೇಳಿದೆ."

ಸ್ವಂತ ಅಣ್ಣನ ಮಗನಿಗೆ ಅರ್ಧ ಸೆಕೆಂಡ್ ಬಿಡದ ಮನುಷ್ಯ!

ಚಿಕ್ಕಮ್ಮನಿಗೆ ಬಂದ ಸಿಟ್ಟನ್ನು ಬರೆಯಲಾರೆ. "ಇದಕ್ಕಿಂತ ಹತ್ತು ಸೆಕೆಂಡು ಜಾಸ್ತಿ ಅಂದಿದ್ರೂ ತಡ್ಕೋತಿದ್ದೆ! ಈಗ ನನಗೇನೂ ಗೊತ್ತಿಲ್ಲ. ಕಾರೂ ಇಲ್ಲ. ಇನ್ನು ಯಾವತ್ತೂ ಗೊತ್ತಾಗಲ್ಲ!" ಎಂದು ಒಳಗೆ ಹೋದಳು. ಮರುದಿನ ಕಾರ್ಖಾನೆಯ ಗೋಡೆಯಿಂದ ನಕ್ಷೆಯನ್ನು ತಾನೇ ಬಿಚ್ಚಿ, ಪರೀಕ್ಷೆ ನಡೆದೇ ಇಲ್ಲವೆಂದು ಎಲ್ಲ ಎಂಜಿನಿಯರುಗಳಿಗೂ ಹೇಳಿಬಂದಳು. ಒಂದು ವಾರ ಗಂಡನ ಜೊತೆ ಮಾತಿಲ್ಲ. ತಿಂಡಿ ಆಯಿತೆಂದು ಅವರಿಗೆ ನಾನೇ ಹೇಳಬೇಕಿತ್ತು.

ಅಂಥ ಗ್ಯಾಸ್ಕೆಟ್ಟಿನಿಂದ ಟರ್ಬೋ ಕಾರಿಗೆ ಉಪಯೋಗವಿದೆಯೋ ಇಲ್ಲವೋ? ನನಗೆ ಇವತ್ತಿಗೂ ಗೊತ್ತಿಲ್ಲ. ಬಲ್ಲವರನ್ನು ಕೇಳಿದ್ದೇನೆ. ಒಬ್ಬರು ಇದೆ ಎಂದರು. ಇನ್ನೊಬ್ಬರು ಗಾಳಿ ಅಷ್ಟು ಜೋರಾಗಿ ನುಗ್ಗುವಾಗ ಪೈಪಿನ ಬಿಸಿ ಹತ್ತಲು ಪುರುಸೊತ್ತೆಲ್ಲಿದೆ ಎಂದು ನಕ್ಕರು. ಮೂರನೆಯವರು ನನ್ನನ್ನೇ ಮೇಲಿಂದ ಕೆಳಗೆ ನೋಡಿದರು.

ಗೊತ್ತಿರುವುದು ಇಷ್ಟೇ. ಆ ವಾರ ಕಳೆದ ಮೇಲೆ ಒಂದು ಸಂಜೆ ಚಿಕ್ಕಪ್ಪ ಅದೇ ಮೆಟ್ಟಿಲ ಮೇಲೆ ಕೂತಿದ್ದರು. ನಾನು ವರಾಂಡದಲ್ಲಿ ಮಕ್ಕಳ ಕಾಪಿ ತಿದ್ದುತ್ತಿದ್ದೆ. ಚಿಕ್ಕಮ್ಮ ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತಳು.

"ಇನ್ಮೇಲೆ ನನ್ನ ಹತ್ರ ಸುಳ್ಳು ಹೇಳ್ತೀರಾ?"

"ಇಲ್ಲ ಕಣೇ."

"ಹಾಗಾದ್ರೆ ಹೇಳಿ. ನಾನು ಹುಚ್ಚೀನಾ?"

ಚಿಕ್ಕಪ್ಪ ಯೋಚಿಸಿದರು. "ಸ್ವಲ್ಪ."

"ಸ್ವಲ್ಪಾನೇ?"

"ಇಲ್ಲ, ಜಾಸ್ತೀನೇ."

ಚಿಕ್ಕಮ್ಮನ ಮುಖದಲ್ಲಿ ಸಿಟ್ಟು ಬರುತ್ತದೆಂದು ನಾನು ಪೆನ್ನು ಕೆಳಗಿಟ್ಟೆ. ಬರಲಿಲ್ಲ. ಅವಳ ಧ್ವನಿ ಮಾತ್ರ ಸಣ್ಣದಾಯಿತು.

"ಇಷ್ಟು ವರ್ಷ ನನ್ನ ಜೊತೆ ಸಾಕಾಗಿ ಹೋಗಿದೆಯಾ ನಿಮಗೆ?"

"ಇಲ್ಲ" ಎಂದರು ಚಿಕ್ಕಪ್ಪ. ಇದಕ್ಕೆ ಅವರು ಯೋಚಿಸಲಿಲ್ಲ.

ಚಿಕ್ಕಮ್ಮ ಬಾಗಿಲು ಬಿಟ್ಟು ಮೆಟ್ಟಿಲ ಹತ್ತಿರ ಬಂದಳು. ಆಮೇಲೆ "ಸ್ವಲ್ಪ ಜರುಗಿ" ಎಂದಳು. ಅವರು ಜರುಗಿದರು. ಅವಳು ಅವರ ಪಕ್ಕದಲ್ಲಿ, ಭುಜಕ್ಕೆ ಭುಜ ತಾಗುವಂತೆ ಕೂತುಕೊಂಡಳು. ನಾನು ಕಾಪಿಗಳನ್ನು ಎತ್ತಿಕೊಂಡು ಸದ್ದಿಲ್ಲದೆ ಒಳಗೆ ಹೋದೆ.