ಎರಡು ಪಟ್ಟಿ ಕೆಳಗ

ನನ್ನ ಮನಿ ಬಾಗಲಾ ಯಾರೂ ಬಡಿಯಂಗಿಲ್ಲ. ಆದ್ರ ನಾ ಗಿಟಾರ ಕೈಯಾಗ ತೊಗೊಂಡೆ ಅಂದ್ರ ಏನರೆ ಒಂದು ಫಜೀತಿ ಆಗೇ ಆಗ್ತದ, ಆ ಫಜೀತಿ ನೆವದಿಂದ ನಾಕು ಮಂದಿ ನನ್ನ ಕೂಡ ಮಾತಾಡ್ತಾರ. ಹಿಂಗಾಗಿ ನನ್ನ ಫಜೀತಿ ಮ್ಯಾಲ ನನಗ ಸಿಟ್ಟಿಲ್ಲ.

ಮೊದಲ ನಾ ಯಾರು ಅಂತ ಹೇಳ್ತೀನಿ. ಸೋಲಾಪುರದ ಅಕ್ಕಲಕೋಟ ರಸ್ತೆದ ಎಂಐಡಿಸಿ ಕೈಗಾರಿಕಾ ವಸಾಹತಿನ್ಯಾಗ ಟಾವೆಲ್ ನೇಯೂ ಕಾರ್ಖಾನ್ಯಾಗ ಮಗ್ಗ ರಿಪೇರಿ ಮಾಡಾಂವ. ವಯಸ್ಸು ಐವತ್ತೆರಡು. ಲಗ್ನ ಆಗಿಲ್ಲ. ಅವ್ವ ಇರೂತನಾ ಕನ್ಯಾ ಹುಡುಕ್ತಿದ್ಳು, ಅಕಿ ಹೋದಮ್ಯಾಲ ಹುಡುಕೋರು ಯಾರೂ ಉಳೀಲಿಲ್ಲ. ವಾರದಾಗ ಆರು ದಿನ ಮಗ್ಗದ ಖಟಖಟಾ. ರವಿವಾರ ಮದುವಿ, ನಿಶ್ಚಯ, ತೊಟ್ಟಲಾ ಅಂತ ಮಂದಿ ಮನಿ ಕಾರ್ಯಕ್ಕ ಎಲೆಕ್ಟ್ರಿಕ್ ಗಿಟಾರ ಬಾರಿಸ್ತೀನಿ. ಹಾಡೋರು ಕುರನೂರ ಕಡೆ ಹೊಲಾ ಇದ್ದ ಒಬ್ಬರು ಹಿರಿಯರು, ಅವರಿಗೆ ಎಲ್ಲಾರೂ ಅಣ್ಣಾರು ಅಂತೀವಿ. ಢೋಲಕಿ ಬಡಿಯಾಂವ ಒಬ್ಬ. ನನಗ ಅಣ್ಣಾರು ಮಾಸ್ತರ ಅಂತಾರ. ಮೂರೇ ಮಂದಿ ಕೂಡಿ ಒಂದು ಆರ್ಕೆಸ್ಟ್ರಾ.

ಕೆಮ್ಮು

ಕುರನೂರಾಗ ಒಂದು ತೊಟ್ಟಲ ಕಾರ್ಯ ಇತ್ತು. ಹಾಡಿನ ತುದಿಗೆ, ಎಲ್ಲಾಕ್ಕಿಂತ ಮ್ಯಾಲಿನ ಸ್ವರಕ್ಕ ಹೋದಾಗ ಅಣ್ಣಾರ ಧ್ವನಿ ಪಟ್ ಅಂತ ಒಡೀತು. ಅವರು ಅದರ ಮ್ಯಾಲ ಒಂದು ದೊಡ್ಡ ಕೆಮ್ಮು ಹೊಚ್ಚಿ ಮುಚ್ಚಿದ್ರು. ಹೊಳ್ಳಿ ಬರೂವಾಗ ಜೀಪಿನ್ಯಾಗ ನನ್ನ ಬಾಜೂಕೇ ಬಂದು ಕೂತ್ರು. ಆಮ್ಯಾಲ ಅಂದ್ರು, “ಮಾಸ್ತರ, ನನ್ನ ಧ್ವನಿ ಇಳೀತು ಅಂತ ತಿಳಿದ ದಿನ ನಾ ಹಾಡೂದು ಬಿಟ್ಟೆ ಅಂತ ತಿಳ್ಕೋರಿ. ಪಟ್ಟಿ ಇಳಿಸಿ ಹಾಡಾಂವ ನಾ ಅಲ್ಲ.”

ಅವರು ಹಾಡೂದು ಬಿಟ್ರ ನನ್ನ ರವಿವಾರಾನೂ ಹೋತು. ಆರು ದಿನ ಮಗ್ಗದ ಕೂಡ ಇದ್ದಾಂವ ಏಳನೇ ದಿನ ಗ್ವಾಡಿ ಕೂಡ ಮಾತಾಡ್ಲೇನು? ಅವರಿಗೆ ಗೊತ್ತಾಗಲಾರದಂಗ ನಾನೇ ಗಿಟಾರಿನ ಪಟ್ಟಿ, ಅಂದ್ರ ಶ್ರುತಿ, ಇಳಿಸಬೇಕು ಅಂತ ನಿರ್ಧಾರ ಮಾಡಿದೆ. ಆದ್ರ ತಂತಿ ಸಡಲ ಬಿಟ್ರ ಜೋಲಿ ಬಿದ್ದು ಗರ್ ಅಂತಾವ. ಬೆರಳು ಬ್ಯಾರೆ ಜಾಗಾದಾಗ ಇಡೂಣು ಅಂದ್ರ, ನಾ ಯಾರ ಕಡೆನೂ ಕಲಿತಾಂವ ಅಲ್ಲ, ಮೂವತ್ತು ವರ್ಷದಿಂದ ನನ್ನ ಬೆರಳಿಗೆ ಗೊತ್ತಿದ್ದುದು ಒಂದೇ ಹಾದಿ. ಆಗ ಕಾರ್ಖಾನ್ಯಾಗಿನ ಒಬ್ಬ ಮೊಬೈಲಿನ್ಯಾಗ ತೋರಿಸ್ದ: ಕಾಲಾಗ ಇಟ್ಟು ಒತ್ತೂ ಡಿಜಿಟಲ್ ಪೆಡಲ್. ತಂತಿ ಇದ್ದಂಗೇ ಇರ್ತಾವ, ಬೆರಳೂ ಅಲ್ಲೇ ಇರ್ತಾವ, ಸ್ಪೀಕರಿನಿಂದ ಬರೂ ಧ್ವನಿ ಅಷ್ಟೇ ಕೆಳಗ ಇಳೀತದ.

ಪುಣೆದ ಅಂಗಡಿಯವಗ ಫೋನ್ ಹಚ್ಚಿ ಕೇಳಿದೆ, “ಎಷ್ಟು ಇಳೀತದಪಾ?”

“ಏಳು ಪಟ್ಟಿತನಾ ಇಳಿಸಬಹುದರಿ.”

“ಏಳು ಈಗೇ ಬ್ಯಾಡೋ ಮಾರಾಯಾ,” ಅಂದೆ, “ನಮ್ಮ ಅಣ್ಣಾರಿಗೆ ಇನ್ನೂ ಅರವತ್ತೇ.”

ಬದನೀಕಾಯಿ

ಪೆಡಲ್ ಬಂತು. ಖೋಲ್ಯಾಗ ಕೂತು, ಕೆಳಗ ಇರೂ ಮನಿ ಮಾಲಕಿ ಮರಾಠಿ ಕಾಕುಗ ತ್ರಾಸ ಆಗಬಾರದು ಅಂತ ಸ್ಪೀಕರ್ ಸಣ್ಣಗ ಇಟ್ಟು ಬಾರಿಸಿದೆ. ಅಯ್ಯ ಶಿವನ! ಕೈಯಾಗಿನ ತಂತಿ ಒಂದು ಪಟ್ಟಿ ಹೇಳ್ತದ, ಸ್ಪೀಕರ್ ಇನ್ನೊಂದು. ಎರಡೂ ಕೂಡಿ ಕಿವ್ಯಾಗ ಜಗಳಕ್ಕ ನಿಂತ್ವು. ಕೆಟ್ಟ ಮಾಲ ಕಳಿಸ್ಯಾನ ಅಂತ ಅಂಗಡಿಯವಗ ಮತ್ತ ಫೋನ್ ಮಾಡಿ ಬೈದೆ. “ಕಾಕಾ, ತಂತಿದು ಖರೆ ಧ್ವನಿ ಕಿವಿಗಿ ಬೀಳಬಾರದು. ಇಲ್ಲಾ ಸ್ಪೀಕರ್ ಜೋರ ಇಡ್ರಿ, ಇಲ್ಲಾ ಹೆಡ್‌ಫೋನ್ ಹಾಕ್ಕೋರಿ,” ಅಂದ.

ಹೆಡ್‌ಫೋನ್ ಹಾಕ್ಕೊಂಡೆ. ಬರೋಬ್ಬರಿ ಆತು. ಖುಷಿಲೆ ಅಣ್ಣಾರ ಹಾಡು ನಾನೇ ಹಾಡ್ಕೋತ ಕೂತೆ. ಕೆಳಗ ಕಾಕುಗ ಏನು ಕೇಳಸ್ತಿತ್ತು ಅಂದ್ರ, ಸ್ಪೀಕರ್ ಇಲ್ಲದ ತಂತಿದು ಟಿಕ್ ಟಿಕ್ ಸಪ್ಪಳ, ಅದಕ್ಕ ಕೂಡಲಾರದ ಒಬ್ಬ ಗಂಡಸಿನ ಊಂ ಊಂ ರಾಗ. ಹತ್ತು ಮಿನಿಟಿನ್ಯಾಗ ಕಾಕು ಏದುಸಿರು ಬಿಟಗೋತ ಮ್ಯಾಲ ಬಂದ್ರು. ಕೈಯಾಗ ಎರಡು ಜ್ವಾಳದ ಭಕ್ರಿ, ಒಂದು ಬಟ್ಟಲ ಕಡಲಿಹಿಟ್ಟಿನ ಝುಣಕಾ.

“ರಡೂ ನಕೋ ರೇ ಬಾಳಾ,” ಅಂತ ನನ್ನ ಬೆನ್ನ ಮ್ಯಾಲ ಕೈ ಆಡಿಸಿದ್ರು. “ಅಳಬ್ಯಾಡಪಾ. ಒಬ್ಬನೇ ಇದ್ರ ಹಿಂಗೇ ಆಗ್ತದ. ಬಿಸಿ ಇದ್ದಾಗ ತಿನ್ನು.”

ನಾ ಅಳಲಿಲ್ಲ, ಹಾಡಿದೆ ಅಂತ ಹೇಳಾಕ ಬಾಯಿ ತೆರೆದೆ. ಆದ್ರ ಅವ್ವ ಹೋದಮ್ಯಾಲ ನನ್ನ ಬೆನ್ನ ಮ್ಯಾಲ ಯಾರೂ ಕೈ ಇಟ್ಟಿದ್ದಿಲ್ಲ. ತೆರೆದ ಬಾಯಾಗ ಭಕ್ರಿ ತುತ್ತು ಇಟಗೊಂಡೆ.

ಮರುದಿನ ಅದೇ ಹೊತ್ತಿಗೆ ಮತ್ತ ಹೆಡ್‌ಫೋನ್ ಹಾಕ್ಕೊಂಡು ಹಾಡಿದೆ. ಅವತ್ತು ಬದನೀಕಾಯಿ ಪಲ್ಯ ಬಂತು.

ಜ್ಯೇಷ್ಠಮಧು

ಮೊದಲನೇ ಪರೀಕ್ಷಾ ಹೋಟಗಿ ಊರಾಗ ಒಂದು ಮದುವ್ಯಾಗ ಆತು. ಒಂದು ಪಟ್ಟಿ ಇಳಿಸಿ, ಪೆಡಲ್ ಮ್ಯಾಲ ಕರ್ಚೀಪ ಹೊಚ್ಚಿ ಕೂತೆ. ಅಣ್ಣಾರು ಹಾಡಿದ್ರು ನೋಡ್ರಿ, ಮಲ್ಲಿಗಿ ಬಿಚ್ಚಿದಂಗ! ಸ್ಟೇಜ್ ಇಳದು ಬಂದವರೇ, “ಮಾಸ್ತರ, ನಾಕು ದಿನದಿಂದ ಜ್ಯೇಷ್ಠಮಧು ಕಡ್ಡಿ ಅಗಿಯಾಕತ್ತೀನಿ. ಧ್ವನಿ ಹ್ಯಾಂಗ ಏರೇದ ನೋಡಿದ್ರಿಲ್ಲೋ?” ಅಂದ್ರು.

“ಭಾಳ ಏರೇದರಿ,” ಅಂದೆ.

ಢೋಲಕಿಯಾಂವ ಒಂದು ಕಡ್ಡಿ ಬೇಡಿ ಇಸಗೊಂಡ. ಅವನ ಹೆಣ್ತಿ ಬೈದಾಡೂ ಧ್ವನಿ ಏರಿದ್ದು ಬಿಟ್ರ ಅವನ ಮನ್ಯಾಗ ಬ್ಯಾರೆ ಫರಕು ಏನೂ ಆಗಲಿಲ್ಲಂತ.

ಮದುಮಗನ ಸಂಶಯ

ಮುಂದ ಅದೂ ಸಾಲದ ಎರಡು ಪಟ್ಟಿ ಇಳಿಸಬೇಕಾತು. ಸೋಲಾಪುರದಾಗ ಒಬ್ಬ ಅರಿವಿ ವ್ಯಾಪಾರಿ ಮಗನ ನಿಶ್ಚಯ. ಆ ಮದುಮಗ ಮೊಬೈಲ್ ನೋಡಿ ಗಿಟಾರ ಕಲ್ಯಾಕತ್ತಿದ್ನಂತ. ಹೆಣ್ಣಿನ ಮುಖಾ ನೋಡೂದು ಬಿಟ್ಟು ನನ್ನ ಬೆರಳು ನೋಡ್ಕೋತ ಕೂತ. ಹಾಡು ಮುಗಿಯೂ ತಡಾ ಇಲ್ಲ, ಎದ್ದು ಬಂದ.

“ಕಾಕಾ, ನಿಮ್ಮ ಬೆರಳು ಒಂದು ಕಡೆ, ಧ್ವನಿ ಬರೂದು ಒಂದು ಕಡೆ. ರೆಕಾರ್ಡಿಂಗ್ ಹಚ್ಚಿ ಬಾರಿಸೂ ಸೋಂಗ ಮಾಡಾಕತ್ತೀರಿ.”

ಬಾಜೂಕ ಅಣ್ಣಾರು ನಿಂತಾರ. ಪೆಡಲಿನ ಸಂಗತಿ ಹೇಳೂ ಹಂಗಿಲ್ಲ. ನಾ ಅವನ ಕಿವ್ಯಾಗ ಅಂದೆ, “ತಮ್ಮಾ, ಮುಂದಿನ ಹಾಡಿನ್ಯಾಗ ಬೇಕಂತ ಒಂದು ತಪ್ಪು ಬಾರಿಸ್ತೀನಿ. ರೆಕಾರ್ಡಿಂಗ್ ಇದ್ರ ತಪ್ಪು ಎಲ್ಲಿಂದ ಬರಬೇಕು?”

ಅವನು ಒಪ್ಪಿದ. ಹಾಡು ಮುಗಿದಮ್ಯಾಲ ಬಂದು ನನ್ನ ಕೈ ಹಿಡಿದು ಕುಲಕಿದ. “ನಂಬಿದೆ ಕಾಕಾ, ನಂಬಿದೆ. ಒಂದು ಅಂದಿದ್ರಿ, ಐದು ಮಾಡಿ ತೋರಿಸಿದ್ರಿ!”

ಉಳದ ನಾಕರ ಸುದ್ದಿ ನಾ ಅವಗ ಹೇಳಲಿಲ್ಲ.

ಟೋಪಿ, ಟಾವೆಲ್

ನಮ್ಮ ಕಡೆ ಮರ್ಯಾದಿಗೆ ಅಂತ ಆಹೇರಿ ಮಾಡೂ ಪದ್ಧತಿ ಗೊತ್ತದಲ್ಲ, ಟೋಪಿ ಇಡೂದು, ಟಾವೆಲ್ ಹೊಚ್ಚೂದು, ಟೆಂಗಿನಕಾಯಿ ಕೊಡೂದು. ಅಕ್ಕಲಕೋಟದಾಗ ಒಂದು ಮದುವ್ಯಾಗ ಹೆಣ್ಣಿನ ಸ್ವಾದರಮಾವಗ ಉಮೇದು ಬಂತು. ಆನಿಯಂಥಾ ಆಳು, ಕಾಲಾಗ ಹೊಸಾ ಬೂಟು. ಹಾಡು ಮುಗಿಯೂತನಾನೂ ತಡಿಯಲಿಲ್ಲ, ನಡುವೇ ಸ್ಟೇಜ್ ಏರಿ ಬಂದ.

ನನ್ನ ತಲಿ ಮ್ಯಾಲ ಟೋಪಿ ಇಟ್ಟ. ಅದು ದೊಡ್ಡದಾಗಿ ಮೂಗಿನ ತನಾ ಇಳೀತು. ಟಾವೆಲ್ ಹೊಚ್ಚಿದ. ಅದು ಗಿಟಾರಿನ ಮ್ಯಾಲ ಬಿತ್ತು. ಕಾರ್ಖಾನ್ಯಾಗ ಆರು ದಿನ ಟಾವೆಲ್, ಏಳನೇ ದಿನಾನೂ ಟಾವೆಲ್. ಅಷ್ಟರಾಗ ಅವನ ಬೂಟು ನನ್ನ ಪೆಡಲ್ ಒತ್ತಿ ಬಂದ್ ಮಾಡ್ತು. ಗಿಟಾರ ಒಮ್ಮಿಗೇ ಎರಡು ಪಟ್ಟಿ ಮ್ಯಾಲ ಜಿಗೀತು. ಹಾಡಿನ ತುದಿ ಹತ್ತರ ಬಂದದ, ನನಗ ಕಣ್ಣು ಕಾಣವಲ್ದು, ಕಾಲಿಗೆ ಪೆಡಲ್ ಸಿಗವಲ್ದು. ಮುಗೀತು, ಅಣ್ಣಾರ ಧ್ವನಿ ಈಗ ಒಡೀತದ, ಇವತ್ತಿಗೆ ಹಾಡೂದು ಬಿಡ್ತಾರ ಅಂತ ಟೋಪಿ ಒಳಗೇ ಕಣ್ಣು ಮುಚ್ಚಿದೆ.

ಅಣ್ಣಾರು ಮುಟ್ಟಿದ್ರು! ಮೂಲ ಪಟ್ಟಿ ಮುಟ್ಟಿ, ಅದಕ್ಕಿಂತಾ ಮ್ಯಾಲ ಹೋಗಿ ಅಲ್ಲೇ ನಿಂತ್ರು. ಮಂದಿ ಸೀಟಿ ಹೊಡದೇ ಹೊಡದ್ರು.

ಕಾರ್ಯ ಮುಗಿದಮ್ಯಾಲ ಕಲ್ಯಾಣ ಮಂಟಪದ ಹಿಂದ ಅಡಗಿ ಮಾಡೂ ಕಡೆ ಹೋದೆ. ಅಣ್ಣಾರು ಉಳ್ಳಾಗಡ್ಡಿ ಚೀಲದ ಮ್ಯಾಲ ಒಬ್ಬರೇ ಕೂತಿದ್ರು. ನನ್ನ ನೋಡಿ ಮುಖಾ ಅರಳ್ತು.

“ಮಾಸ್ತರ, ನಿಮ್ಮ ಕಿವಿ ನೆಟ್ಟಗ ಆದ್ವು! ನನಗ ಅಳೂನೇ ಬಂತು ನೋಡ್ರಿ.”

“ನನ್ನ ಕಿವೀನಾ?”

“ಹೋಟಗ್ಯಾಗ ಹಾಡಿದ ದಿನ ನನ್ನ ಧ್ವನಿನೇ ಏರೇದ ಅಂತ ತಿಳಿದಿದ್ದೆ. ಮನ್ಯಾಗ ಹಾರ್ಮೋನಿಯಂ ಹಚ್ಚಿ ಹಾಡಿ ನೋಡಿದ್ರ, ನನ್ನ ಧ್ವನಿ ಏರೇ ಇಲ್ಲ, ಇಳದದ್ದು ನಿಮ್ಮ ಗಿಟಾರ. ಮಗ್ಗದ ಸಪ್ಪಳಕ್ಕ ಪಾಪ ಮಾಸ್ತರ ಕಿವಿ ಹೋದ್ವು ಅಂತ ನಾನೂ ಢೋಲಕಿಯಾಂವನೂ ಮಾತಾಡಿಕೊಂಡ್ವಿ. ಹೇಳಿದ್ರ ನೀವು ಗಿಟಾರ ಕೆಳಗ ಇಡ್ತೀರಿ. ಒಬ್ಬಂಟಿಗ ಮನಷ್ಯಾ, ರವಿವಾರ ಎಲ್ಲಿ ಹೋಗಬೇಕು? ಅದಕ್ಕ ನಿಮ್ಮ ಸಲುವಾಗಿ ಪಟ್ಟಿ ಇಳಿಸಿ ಹಾಡ್ಕೋತ ಬಂದೆ.”

ನನಗ ನಗು ಬಂತೋ ಅಳು ಬಂತೋ, ಎರಡೂ ಕೂಡೇ ಬಂದ್ವು. ಪೆಡಲಿನ ಕತಿ ಎಲ್ಲಾ ಹೇಳಿದೆ. ಅವರು ಬಾಯಿ ತೆಕ್ಕೊಂಡು ಕೇಳಿದ್ರು.

“ಹಂಗಾದ್ರ ಇನ್ನ ಪೆಡಲ್ ಯಾಕ ಬೇಕರಿ ಅಣ್ಣಾರ?” ಅಂದೆ. “ಇವತ್ತು ಹ್ಯಾಂಗ ಏರಿದ್ರಿ! ಬರೂ ವಾರದಿಂದ ಮೂಲ ಪಟ್ಟಿನೇ.”

ಅಣ್ಣಾರು ಸುತ್ತ ನೋಡಿದ್ರು. ಆಮ್ಯಾಲ ಮೆಲ್ಲಕ ಧೋತರ ಸರಿಸಿ ಎಡಗಾಲು ಮುಂದ ಚಾಚಿದ್ರು. ಹೆಬ್ಬೆರಳು ಬಾತು ಬದನೀಕಾಯಿ ಆಗಿತ್ತು.

“ಅವನ ಒಂದು ಬೂಟು ನಿಮ್ಮ ಪೆಡಲ್ ಮ್ಯಾಲ ಇತ್ತಲ್ಲ,” ಅಂದ್ರು, “ಇನ್ನೊಂದು ಇಲ್ಲಿತ್ತು. ಅದು ಹಾಡಲ್ಲೋ ಮಾರಾಯಾ, ನಾ ಚೀರಿದ್ದು.”

ನಗಬೇಕಂದ್ರ ನನಗ ಹೆದರಿಕಿ ಆತು. ಅವರ ಧ್ವನಿ ಇಳದದ ಅಂತ ಈಗ ಇಬ್ಬರಿಗೂ ಗೊತ್ತಾತು. “ಅಣ್ಣಾರ, ಹಾಡೂದು ಬಿಡ್ತೀರೇನು?” ಅಂತ ಕೇಳೇಬಿಟ್ಟೆ.

ಅವರು ಅಡಗಿಯವರ ಕಡೆ ನೋಡಿ, ತಲಿ ತಗ್ಗಿಸಿ, ಬಾಯೊಳಗೇ ಏನೋ ಅಂದ್ರು.

“ಹಾಂ?” ಅಂದೆ.

ಮತ್ತ ಅಂದ್ರು. ಖರೆ ಹೇಳ್ತೀನಿ, ನನಗ ಒಂದಕ್ಷರಾನೂ ಕೇಳಸಲಿಲ್ಲ. “ಏನಂದ್ರೀ?” ಅಂತ ಕಿವಿ ಮುಂದ ಮಾಡಿದೆ.

ಅಣ್ಣಾರು ನನ್ನ ಕಿವಿಗಿ ಬಾಯಿ ಹಚ್ಚಿ, ಪೂರಿ ಕರಿಯೋರು ಸಟ್ಟುಗ ಬಿಟ್ಟು ಹೊಳ್ಳಿ ನೋಡೂವಂಗ ಒದರಿದ್ರು:

“ಬರೂ ರವಿವಾರ ಇನ್ನೊಂದು ಪಟ್ಟಿ ಇಳಸ್ರಿ, ಯಾರಿಗೂ ಹೇಳಬ್ಯಾಡ್ರಿ ಅಂದೆ!”