ನನ್ನ ದನಿ ಹೊತ್ತ ಗಿಣಿಯವರ ಸನ್ನಿಧಾನಕ್ಕೆ

ಮಾನ್ಯ ಗಿಣಿ ಮಹಾಶಯರೇ,

ತಮ್ಮ ಕೊಕ್ಕಿನಿಂದ ಹಿಡಿದು ಬಾಲದ ಕೊನೆಯ ಗರಿಯವರೆಗೆ ಎಲ್ಲಕ್ಕೂ ನನ್ನ ನಮಸ್ಕಾರಗಳು. ಒಂದೇ ಕೋಣೆಯಲ್ಲಿ ಮೂರಡಿ ದೂರದಲ್ಲಿ ಕೂತವರಿಗೆ ಕಾಗದ ಬರೆಯುತ್ತಿದ್ದಾನಲ್ಲ ಇವನು ಎಂದು ತಾವು ಕತ್ತು ಓರೆ ಮಾಡಬಹುದು. ಏನು ಮಾಡಲಿ, ತಮ್ಮೆದುರು ಬಾಯಿ ಬಿಡುವ ಧೈರ್ಯ ನನಗೀಗ ಇಲ್ಲ. ಆಡಿದ್ದೆಲ್ಲ ತಮ್ಮ ಕಡತ ಸೇರುತ್ತದೆ. ನನ್ನ ವಿಚಾರವನ್ನು ತಾವು ಇಡೀ ಕಟ್ಟಡಕ್ಕೆ ಕೇಳುವಂತೆ ಸಾರಿರುವುದರಿಂದ, ನಾನೂ ಈ ಪತ್ರವನ್ನು ಮೆಟ್ಟಿಲ ಕೆಳಗಿನ ಸೂಚನಾ ಫಲಕಕ್ಕೆ ಅಂಟಿಸುತ್ತಿದ್ದೇನೆ.

ನಾನು ಕುಡಿತ ಬಿಟ್ಟು ಇವತ್ತಿಗೆ ನೂರಾ ಹನ್ನೆರಡು ದಿನ. ಕನ್ನಡಕದ ಅಂಗಡಿಯಲ್ಲಿ ಚೌಕಟ್ಟಿಗೆ ಗಾಜು ಕೂರಿಸುವ ನನ್ನ ಕೈಯಿಂದ ಸಾಸಿವೆ ಗಾತ್ರದ ತಿರುಪುಗಳು ಈಗ ನೆಲಕ್ಕೆ ಉದುರುವುದಿಲ್ಲ. ಆದರೆ ನಾನು ಮೂರು ತಿಂಗಳು ಚಿಕಿತ್ಸಾ ಕೇಂದ್ರದಲ್ಲಿದ್ದಾಗ ಪಕ್ಕದ ಮನೆಯ ದರ್ಜಿ ಅಕ್ಕನ ಅತಿಥಿಯಾಗಿದ್ದ ತಾವು, ಅಳತೆ ಕೊಡಲು ಕೈ ಎತ್ತಿ ನಿಂತ ಹೆಂಗಸರಿಗೆಲ್ಲ ನನ್ನದೇ ದನಿಯಲ್ಲಿ, ನನ್ನದೇ ಬಿಕ್ಕಳಿಕೆಯೊಂದಿಗೆ, "ನಾಳೆಯಿಂದ ಬಿಟ್ಟೆ ಕಣೇ, ನಿನ್ನಾಣೆ ಬಿಟ್ಟೆ, ಇದೇ ಕೊನೇದು" ಎಂದು ದಿನಕ್ಕೆ ಹತ್ತು ಸಲ ಭರವಸೆ ಕೊಟ್ಟಿರಿ. ಈಗ ನಾನು ನಿಜವಾಗಿಯೂ ಬಿಟ್ಟು ಬಂದರೆ, ಮೆಟ್ಟಿಲ ಮೇಲೆ ಎದುರಾದವರು "ಏನ್ ಸಾರ್, ನಾಳೆಯಿಂದಾನಾ?" ಎಂದು ಕೇಳಿ ನಗುತ್ತಾರೆ. ಎಂಥ ಸೇವೆ ಸ್ವಾಮಿ ತಮ್ಮದು!

ತಮ್ಮ ನೆನಪಿನ ಶಕ್ತಿಯನ್ನು ಹೊಗಳದೆ ಇರಲಾರೆ. ಕೇಂದ್ರದ ಆಪ್ತಸಲಹೆಗಾರ್ತಿ ನನಗೆ ಒಂದು ನೋಟುಪುಸ್ತಕ ಕೊಟ್ಟು, "ಕುಡಿದಾಗ ಯಾರಿಗೆ ಏನಂದ್ರಿ, ಏನ್ ಮಾಡಿದ್ರಿ, ಒಂದೂ ಬಿಡದೆ ಬರೀರಿ. ಆಮೇಲೆ ಅವರ ಮುಂದೆ ಹೋಗಿ ಕೂತ್ಕೊಳ್ಳಿ" ಎಂದಿದ್ದರು. ನಾನು ಒಂದೂವರೆ ಪುಟ ಬರೆದು, ಕೆಳಗೆ "ಉಳಿದದ್ದು ನೆನಪಿಲ್ಲ" ಎಂದು ಸಹಿ ಹಾಕಿ ಹಾಯಾಗಿದ್ದೆ. ಆ "ನೆನಪಿಲ್ಲ" ಎನ್ನುವುದಿದೆಯಲ್ಲ, ಅದರಷ್ಟು ಮೆತ್ತಗಿನ ದಿಂಬು ಇನ್ನೊಂದಿಲ್ಲ. ಹೋದ ಸೋಮವಾರ ಮೆಣಸಿನಕಾಯಿ ಕಡಿಯುತ್ತ ತಾವು ಅದನ್ನೂ ಎಳೆದುಬಿಟ್ಟಿರಿ: "ನಿನ್ನ ಮುಖ ನೋಡೋಕಾಗದೇನೇ ಕುಡಿಯೋದು ನಾನು." ನಾನು ಎದ್ದು ನಿಂತು, ಇದನ್ನು ನಾನು ನನ್ನ ಹೆಂಡತಿಗೆ ಯಾವತ್ತೂ ಅಂದಿಲ್ಲ ಎಂದು ವಾದಿಸಿದೆ. ತಾವು ಕೆಮ್ಮು ಸಮೇತ ಇನ್ನೊಮ್ಮೆ ಹೇಳಿದಿರಿ. ಹೆಂಡತಿ ಹೇಳಿದ್ದರೆ ಉಪ್ಪುಖಾರ ಹಚ್ಚುತ್ತಾಳೆ ಅನ್ನಬಹುದಿತ್ತು, ಭಾವಮೈದ ಹೇಳಿದ್ದರೆ ಅವನಿಗೆ ನನ್ನ ಕಂಡರಾಗದು ಅನ್ನಬಹುದಿತ್ತು. ತಮ್ಮ ಮೇಲೆ ಯಾವ ಆರೋಪ ಹೊರಿಸಲಿ? ತಾವು ನುಡಿದದ್ದನ್ನೆಲ್ಲ ಬರೆದು ಬರೆದು ನೋಟುಪುಸ್ತಕಗಳು ಈಗ ಒಂದರಿಂದ ಮೂರಕ್ಕೆ ಏರಿವೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳು. ಇನ್ನು ಮುಂದೆ ನನ್ನ ಭಾಷಣ ಪ್ರಸಾರ ಮಾಡುವ ಮುನ್ನ, ಇದು ಹಳೆಯದು ಎಂಬ ಪ್ರಕಟಣೆಯನ್ನೂ ದಿನಾಂಕವನ್ನೂ ದಯವಿಟ್ಟು ಹೇಳತಕ್ಕದ್ದು. ಇಷ್ಟು ವರ್ಷದಲ್ಲಿ ನಾನು ಒಂದಾದರೂ ಒಳ್ಳೆಯ ಮಾತು ಆಡಿರಲೇಬೇಕು, ಅದನ್ನು ಹುಡುಕಿ ತೆಗೆದು ವಾರಕ್ಕೊಮ್ಮೆಯಾದರೂ ನುಡಿಯತಕ್ಕದ್ದು. ಅಂಥದ್ದು ಸಿಗದೇ ಹೋದಲ್ಲಿ, ತಾವೂ ಕೇಂದ್ರಕ್ಕೆ ಸೇರಿ ನನ್ನಂತೆಯೇ ತೊಂಬತ್ತು ದಿನ ಬೆಳಿಗ್ಗೆ ಆರಕ್ಕೆ ಎದ್ದು ವ್ಯಾಯಾಮ ಮಾಡತಕ್ಕದ್ದು. ಕಷ್ಟವೇನೂ ಇಲ್ಲ, ಊಟ ಚೆನ್ನಾಗಿರುತ್ತದೆ.

ಇಷ್ಟು ಅವಸರ ಏಕೆಂದರೆ ನಾಳೆ ಭಾನುವಾರ. ಆರು ತಿಂಗಳಿಂದ ತನ್ನ ಅಕ್ಕನ ಮನೆಯಲ್ಲಿರುವ ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ನಾಲ್ಕು ಗಂಟೆಗೆ ಬರುತ್ತಾಳೆ. ವಾಪಸು ಬಂದು ಇರುವ ವಿಚಾರಕ್ಕೆ "ನೋಡೋಣ" ಎಂದಿದ್ದಾಳೆ. ನಾಲ್ಕು ವರ್ಷ "ಸಾಕು" ಎಂದವಳ ಬಾಯಲ್ಲಿ ಅದು ದೊಡ್ಡ ಮಾತು. ಅದಕ್ಕೇ ಇವತ್ತು ಬೆಳಿಗ್ಗೆ ತಮ್ಮ ಪಂಜರಕ್ಕೆ ಹೊದಿಕೆ ಸುತ್ತಿ ದರ್ಜಿ ಅಕ್ಕನ ಬಾಗಿಲಿಗೆ ಒಯ್ದು, "ಒಂದಿನ ಇಟ್ಕೊಳ್ಳಿ ಅಕ್ಕಾ, ನಾಳೆ ಇದು ಬಾಯಿಬಿಟ್ರೆ ನನ್ನ ಸಂಸಾರ ಮುಗೀತು" ಎಂದು ಬೇಡಿಕೊಂಡೆ. ಅವರು ಕೈ ಚಾಚಿದರು. ಆಗ ಹೊದಿಕೆಯ ಕತ್ತಲೊಳಗಿಂದ ತಾವು ಮಾತಾಡಿದಿರಿ, ಈ ಸಲ ನನ್ನ ದನಿಯಲ್ಲಲ್ಲ. ನನ್ನ ಮಗಳ ದನಿಯಲ್ಲಿ, ಪಿಸುಗುಟ್ಟಿ: "ಅಮ್ಮಾ, ಅಪ್ಪ ಬಂದ್ರು. ಲೈಟ್ ಆರ್ಸು."

ದರ್ಜಿ ಅಕ್ಕ ನೆಲ ನೋಡಿದರು. ಮಹಾಶಯರೇ, ನಾನು ಬರುವಷ್ಟರಲ್ಲಿ ಮನೆಯಲ್ಲಿ ದೀಪ ಆರಿರುತ್ತಿತ್ತು, ನನಗಾಗಿ ಯಾರೂ ಕಾಯುವುದಿಲ್ಲ ಎಂದು ನಾನು ಕೂಗಾಡುತ್ತಿದ್ದೆ. ಅವರು ಮಲಗಿರಲಿಲ್ಲ. ನನ್ನ ಹೆಜ್ಜೆ ಕೇಳಿ ಕತ್ತಲಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರು. ನಾಚಿಕೆಯಿಂದ ನಾನು ಭೂಮಿಗಿಳಿದುಹೋದೆ. ತಮ್ಮನ್ನು ವಾಪಸು ತಂದು, ಆ ಮಾತನ್ನೂ ಪುಸ್ತಕದಲ್ಲಿ ಬರೆದೆ. ನಾಳೆ ಪಂಜರ ಮುಂದಿನ ಕೋಣೆಯಲ್ಲೇ ಇರುತ್ತದೆ, ಹೊದಿಕೆ ಇರುವುದಿಲ್ಲ. ತಮಗೆ ತೋಚಿದ್ದನ್ನು ಹೇಳಿ. ನಾನು ಪಕ್ಕದ ಕುರ್ಚಿಯಲ್ಲೇ ಕೂತಿರುತ್ತೇನೆ.

ತಮ್ಮ ವಿಶ್ವಾಸಿ,
ತಮ್ಮ ಕಂಠದ ಮೂಲ ವಾರಸುದಾರ

ಮರುಬರಹ (ಭಾನುವಾರ, ಸಂಜೆ ಆರು): ತಾವು ಅವರಿಗೆ ಒಳಗೆ ಕಾಲಿಡಲೂ ಬಿಡಲಿಲ್ಲ. ಮಗಳು ಬಾಗಿಲ ಬಳಿ ಬಗ್ಗಿ ಬೂಟಿನ ದಾರ ಬಿಚ್ಚುತ್ತಿದ್ದಾಗಲೇ, ನನ್ನ ದನಿಯಲ್ಲಿ "ನನ್ನ ಚಪ್ಪಲಿ ಯಾರ್ ತಗೊಂಡ್ರಿ?" ಎಂದು ಗುಡುಗಿದಿರಿ. ಅವಳು ತಲೆ ಎತ್ತಲೂ ಇಲ್ಲ. "ನಿಮ್ ಕಾಲಲ್ಲೇ ಇದೆ ಅಪ್ಪಾ, ಹೋಗಿ ಮಲ್ಕೊಳ್ಳಿ" ಎಂದಳು, ಎಷ್ಟೋ ಸಲ ಹೇಳಿ ಅಭ್ಯಾಸವಾದವರ ಹಾಗೆ. ಆಮೇಲೆ ತಲೆ ಎತ್ತಿ, ಬರಿಗಾಲಲ್ಲಿ ಕುರ್ಚಿಯ ಮೇಲೆ ಸುಮ್ಮನೆ ಕೂತಿದ್ದ ನನ್ನನ್ನು ನೋಡಿ ಹೆದರಿದಳು. ನಾನು, "ಹೌದಮ್ಮಾ, ಅದು ನಾನೇ ಅಂದಿದ್ದು" ಎಂದೆ. ನನ್ನ ಹೆಂಡತಿ ಚೀಲವನ್ನು ಕೆಳಗಿಟ್ಟು ಕೂತಳು. ಮೂರು ನೋಟುಪುಸ್ತಕಗಳಲ್ಲಿ ಒಂದನ್ನು ಓದಿ ಮುಗಿಸಿದೆವು. ಹೊರಡುವಾಗ ಮಗಳು ಪಂಜರದೊಳಕ್ಕೆ ಬೆರಳು ಚಾಚಿ "ಮುಂದಿನ ಭಾನುವಾರ ಬರ್ತೀನಿ" ಎಂದದ್ದು ತಮಗೆ, ನನಗಲ್ಲ. ಅದಕ್ಕಾಗಿ ತಾವು ಬೀಗಬೇಕಾಗಿಲ್ಲ, ಅವಳು ತಮ್ಮನ್ನು ನೋಡಬೇಕಾದರೂ ಬಾಗಿಲು ತೆಗೆಯುವವನು ನಾನೇ.